ಐದು ವರ್ಷ ಬಿಟ್ಟು ಇದನ್ನ ಬಿಚ್ಚೋರು ಯಾರು?

ನಿನ್ನೆ ಸಂಜೆಯಿಂದ ತಲೆ ಬಿಸಿಯಾಗಿದೆ. ಬರೆದೇ ಬಿಡುತ್ತೇನೆ.

ಅಣ್ಣನ ಮಗ ಬೆಂಗಳೂರಿನಿಂದ ಬಂದಿದ್ದಾನೆ. ಕೆಲಸಕ್ಕೆ ಸೇರಿ ಮೂರು ವರ್ಷ ಆಯಿತು. ಈ ಸಲ ಬೋನಸ್ ಚೆನ್ನಾಗಿ ಬಂದಿದೆಯಂತೆ. ಒಂದು ಒಳ್ಳೆಯ ವಾಚ್ ಕೊಳ್ಳಬೇಕು ಅಂತ ಆಸೆ. "ಅತ್ತೀ, ನೀವೂ ಬರ್ರಿ, ನಿಮಗ ಗೊತ್ತಾಗತೈತಿ" ಅಂದ. ನನಗೆ ಆದ ಖುಷಿ ಹೇಳತೀರದು. ನಮ್ಮ ಅಪ್ಪ ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ ವಾಚ್ ರಿಪೇರಿ ಮಾಡುತ್ತಿದ್ದರು. ಮೊಮ್ಮಗ ಸ್ವಂತ ದುಡ್ಡಿನಲ್ಲಿ ಒಳ್ಳೆಯ ವಾಚ್ ಕಟ್ಟುತ್ತಾನೆ ಅಂದರೆ ಅವರು ಎಷ್ಟು ಹಿಗ್ಗುತ್ತಿದ್ದರೋ.

ಧಾರವಾಡದಿಂದ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆವು. ಅಂಗಡಿಯ ಹೆಸರು ಬೇಡ. ಹುಡುಗ ಫೋನಿನಲ್ಲಿ ಮೊದಲೇ ನೋಡಿಟ್ಟುಕೊಂಡಿದ್ದ. ಒಂದು ಲಕ್ಷ ಎಂಬತ್ತು ಸಾವಿರದ್ದು. 42 ಮಿಲಿಮೀಟರ್ ಅಗಲ, ಸ್ಟಾಪ್‌ವಾಚ್ ಇರುವ ಕ್ರೋನೋಗ್ರಾಫ್, ದಪ್ಪ ಸ್ಟೀಲ್ ಚೈನ್. ಸೇಲ್ಸ್‌ನವರು ಅದನ್ನು ತೆಗೆದು ಮಖಮಲ್ಲಿನ ಟ್ರೇ ಮೇಲೆ ಇಟ್ಟರು. ಇವನು ಮುಟ್ಟಲೂ ಇಲ್ಲ. ಬಾಯಿಂದ ಬಂದ ಮೊದಲ ಮಾತು, "ಇದರ ರಿಸೇಲ್ ಹೆಂಗೈತ್ರಿ?"

ಕೊಳ್ಳುವ ಮೊದಲೇ ಮಾರುವ ಮಾತು. ಕೈಗೆ ಕಟ್ಟಿಲ್ಲ, ಕಿವಿಗೆ ಹಿಡಿದಿಲ್ಲ, ಚಾವಿ ತಿರುಗಿಸಿ ನೋಡಿಲ್ಲ. ಸೇಲ್ಸ್‌ನವರು ತಕ್ಷಣ, "ಸರ್, ಇದು ಇನ್ವೆಸ್ಟ್‌ಮೆಂಟ್ ಅಂತ ತಿಳ್ಕೋರಿ" ಅಂದರು. ನನಗೆ ತಡೆಯಲಾಗಲಿಲ್ಲ. "ಇದರ ಸರ್ವಿಸ್ ಎಲ್ಲಿ ಮಾಡ್ತೀರಿ?" ಅಂತ ಕೇಳಿದೆ.

"ಮುಂಬೈಗೆ ಕಳಸ್ತೀವ್ರಿ ಮೇಡಂ."

"ಎಷ್ಟು ದಿನ ಹಿಡಿತೈತಿ? ಖರ್ಚು ಎಷ್ಟು?"

"ಅದನ್ನ ಕೇಳಿ ಹೇಳ್ತೀನ್ರಿ."

ಬೆಲೆ ಗೊತ್ತು, ಆಫರ್ ಗೊತ್ತು, ಇಎಂಐ ಎಷ್ಟು ತಿಂಗಳು ಅಂತ ಗೊತ್ತು. ಐದು ವರ್ಷ ಬಿಟ್ಟು ಅದನ್ನು ಯಾರು ಬಿಚ್ಚುತ್ತಾರೆ ಅನ್ನೋದು ಕೊಡುವವರಿಗೂ ಗೊತ್ತಿಲ್ಲ, ತೊಗೊಳ್ಳುವವನಿಗೂ ಬೇಕಾಗಿಲ್ಲ. ನನ್ನ ಸಿಟ್ಟು ಇಷ್ಟೇ. ಆದರೆ ಸಣ್ಣ ಸಿಟ್ಟಲ್ಲ.

ಯಾಕೆ ಅಂತ ಹೇಳುತ್ತೇನೆ. ಚಾವಿ ಕೊಡುವ ವಾಚಾಗಲಿ, ಕೈ ಅಲ್ಲಾಡಿದರೆ ತಾನೇ ಚಾವಿ ತುಂಬಿಕೊಳ್ಳುವ ಆಟೋಮ್ಯಾಟಿಕ್ ಆಗಲಿ, ಒಳಗೆ ಇರೋದು ಚಕ್ರಗಳು. ಕೂದಲಿನಷ್ಟು ಸಣ್ಣ ಸ್ಟೀಲ್ ತುದಿಗಳು ಕೆಂಪು ಕಲ್ಲಿನ ತೂತುಗಳಲ್ಲಿ ತಿರುಗುತ್ತಿರುತ್ತವೆ. ಅಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಎಣ್ಣೆ. ಅಪ್ಪ ಕಣ್ಣಿಗೆ ಗ್ಲಾಸ್ ಸಿಕ್ಕಿಸಿಕೊಂಡು, ಸೂಜಿಯಂಥ ಕಡ್ಡಿಯ ತುದಿಯಿಂದ ಆ ಎಣ್ಣೆ ಮುಟ್ಟಿಸುತ್ತಿದ್ದರು. ಆಗ ನಾನು ಮೇಜಿನ ಪಕ್ಕ ಉಸಿರು ಬಿಗಿಹಿಡಿದು ನಿಲ್ಲಬೇಕು. ಉಸಿರು ಬಿಟ್ಟರೂ ಒಂದು ಭಾಗ ಹಾರಿ ಹೋಗುತ್ತದೆ ಅನ್ನುತ್ತಿದ್ದರು. ಕೊನೆಗೆ ಚಿಮಟಾದಿಂದ, ವಾಚಿನ ಓಟ ಹಿಡಿದಿಡುವ ಬ್ಯಾಲೆನ್ಸ್ ಚಕ್ರ ಕೂರಿಸುತ್ತಿದ್ದರು. ಒಂದು ಕ್ಷಣ ಏನೂ ಆಗುತ್ತಿರಲಿಲ್ಲ. ಆಮೇಲೆ ಅದು ನಿದ್ದೆಯಿಂದ ಎದ್ದ ಹಾಗೆ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ತಿರುಗಿ, ಓಡೋಕೆ ಶುರುಮಾಡುತ್ತಿತ್ತು. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತಿತ್ತು.

ಆ ಎಣ್ಣೆ ನಾಲ್ಕೈದು ವರ್ಷದಲ್ಲಿ ಒಣಗುತ್ತದೆ ಅಥವಾ ಗಟ್ಟಿಯಾಗುತ್ತದೆ. ಇತ್ತೀಚಿನ ಕೆಲವು ವಾಚುಗಳಲ್ಲಿ ಇನ್ನೂ ಸ್ವಲ್ಪ ತಡೆಯುತ್ತದೆ. ಒಣಗಿದ ಮೇಲೂ ಓಡಿಸಿದರೆ ಭಾಗಕ್ಕೆ ಭಾಗ ಉಜ್ಜಿ ಸವೆಯುತ್ತದೆ. "ಎಣ್ಣಿ ಒಣಗಿದ ವಾಚು ತನ್ನನ್ನ ತಾನ ತಿಂತೈತಿ" ಅನ್ನುತ್ತಿದ್ದರು ಅಪ್ಪ. ಎರಡು ಲಕ್ಷದ್ದಾದರೂ ಅಷ್ಟೇ, ಎರಡು ಸಾವಿರದ್ದಾದರೂ ಅಷ್ಟೇ. ಕ್ರೋನೋಗ್ರಾಫ್ ಅಂದರೆ ಓಟದ ಟೈಮ್ ಅಳೆಯುವ ಇನ್ನೊಂದು ಯಂತ್ರವನ್ನೇ ಒಳಗೆ ಕೂರಿಸಿದ ಹಾಗೆ. ಭಾಗಗಳು ಜಾಸ್ತಿ, ಬಿಚ್ಚಿ ಕೂಡಿಸುವ ಕೆಲಸ ಜಾಸ್ತಿ, ಖರ್ಚೂ ಜಾಸ್ತಿ. ಮೊದಲ ವಾಚಿಗೆ ಅದು ಯಾಕೆ ಬೇಕು? ಇವನು ದಿನಾ ಏನು ಅಳೆಯುತ್ತಾನೆ?

ಇಷ್ಟು ಕಟುವಾಗಿ ಬರೆಯೋಕೆ ಇನ್ನೊಂದು ಕಾರಣ ಇದೆ. ಮನೆಯವರಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಇದೇ ತಪ್ಪನ್ನು ನಾನೇ ಮಾಡಿದ್ದೇನೆ. ಅಪ್ಪ ತೀರಿಕೊಂಡು ಎರಡು ವರ್ಷ ಆಗಿತ್ತು. ಕಾಲೇಜಿನಲ್ಲಿ ಹಿಂದಿನ ಸಂಬಳದ ಬಾಕಿ ಒಟ್ಟಿಗೆ ಬಂತು. ವಾಚ್ ರಿಪೇರಿಯವನ ಮಗಳೂ ಇಂಥದ್ದು ಕಟ್ಟಬಲ್ಲಳು ಅಂತ ತೋರಿಸಬೇಕಿತ್ತು ನನಗೆ. ಯಾರಿಗೆ ಅಂತ ಇವತ್ತಿಗೂ ಗೊತ್ತಿಲ್ಲ. ದೊಡ್ಡ ಹೆಸರು ನೋಡಿ ಒಂದು ದೊಡ್ಡ ಕ್ರೋನೋಗ್ರಾಫ್ ತೊಗೊಂಡೆ. ನನ್ನ ಮಣಿಕಟ್ಟಿನ ಸುತ್ತಳತೆ ಹದಿನಾಲ್ಕೂವರೆ ಸೆಂಟಿಮೀಟರ್. ವಾಚಿನ ಎರಡೂ ತುದಿ ಕೈಯಿಂದ ಹೊರಗೆ ಚಾಚಿರುತ್ತಿತ್ತು. ಬೋರ್ಡಿನ ಮೇಲೆ ಬರೆಯುವಾಗ ಅದರ ಗುಂಡಿ ಮುಂಗೈಗೆ ಚುಚ್ಚುತ್ತಿತ್ತು. ಸೀರೆಯ ಸೆರಗಿಗೆ ಸಿಕ್ಕಿಕೊಳ್ಳುತ್ತಿತ್ತು. ಹತ್ತು ಹನ್ನೆರಡು ಸಲ ಕಟ್ಟಿರಬಹುದು. ಆಮೇಲೆ ಕಪಾಟು ಸೇರಿತು. ಆರು ವರ್ಷದ ಮೇಲೆ ನಿಂತುಹೋಯಿತು. ಸರ್ವಿಸ್‌ಗೆ ಕಳಿಸಿದೆ. ಮೂರು ತಿಂಗಳು ಬಿಟ್ಟು ಬಂದ ಬಿಲ್ಲಿನಲ್ಲಿ ಒಂದು ತೊಲ ಚಿನ್ನ ಬರುತ್ತಿತ್ತು ಆಗ. ಕೊನೆಗೆ ಅರ್ಧ ಬೆಲೆಗೂ ಕಮ್ಮಿಗೆ ಮಾರಿ ಕೈತೊಳೆದುಕೊಂಡೆ. ಆ ದಿನ ಅಪ್ಪನ ಫೋಟೋ ನೋಡೋಕೆ ನಾಚಿಕೆಯಾಯಿತು.

ಅದಕ್ಕೇ ನಿನ್ನೆ ಹುಡುಗನ ಕೈ ಹಿಡಿದು, "ತಮ್ಮಾ, ಮೊದಲ ಕಟ್ಟಿ ನೋಡು" ಅಂದೆ. ಕಟ್ಟಿದ. ಅವನದೂ ನಮ್ಮ ಮನೆತನದ ಸಣ್ಣ ಕೈ. ನೋಡಿ, ಎಲ್ಲರೂ ಡಯಲ್ ಅಗಲ ಎಷ್ಟು ಅಂತ ಕೇಳುತ್ತಾರೆ. ನೋಡಬೇಕಾದ್ದು ಉದ್ದ. ಬೆಲ್ಟ್ ಸೇರುವ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ಅಳೆಯಬೇಕು. ಆ ಉದ್ದ ಮಣಿಕಟ್ಟಿನ ಮೇಲ್ಭಾಗದ ಒಳಗೇ ಕೂತರೆ ವಾಚು ಕೈಯಲ್ಲಿದೆ ಅನ್ನೋದೇ ಮರೆತುಹೋಗುತ್ತದೆ. ದಪ್ಪವನ್ನೂ ನೋಡಬೇಕು, ಅಂಗಿಯ ತೋಳಿನ ಕೆಳಗೆ ಸರಾಗ ಹೋಗಬೇಕು. ಅಂಗಡಿಯಲ್ಲಿ ಹತ್ತು ನಿಮಿಷ ಕಟ್ಟಿಕೊಂಡು ಸುಮ್ನೆ ಅತ್ತಿತ್ತ ಓಡಾಡಿ. ಯಾರೂ ಬೇಡ ಅನ್ನಲ್ಲ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಇನ್ನೂ ಬೇಜಾರು. ಒಳಗೆ ಮಶೀನ್ ಯಾವುದು ಅಂತ ನಾನು ಕೇಳಿದ ತಕ್ಷಣ, "ಮೇಡಂ, ಲೇಡೀಸ್ ಕಲೆಕ್ಷನ್ ಆ ಕಡೆ ಐತ್ರಿ" ಅಂದರು. ಆ ಕಡೆ ಇದ್ದದ್ದೆಲ್ಲ ಹರಳು ಕೂರಿಸಿದ ಸೆಲ್ ವಾಚುಗಳು. ಒಳ್ಳೆಯ ಮಶೀನ್ ಬೇಕು ಅಂತ ಹೆಂಗಸರಿಗೆ ಅನಿಸಬಾರದಾ?

ಹುಡುಗ ಸುಮ್ಮನಿರಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ವಾದ ಶುರುಮಾಡಿದ. "ಅತ್ತೀ, ರೋಲೆಕ್ಸ್ ರೇಟ್ ಏರೇತಲ್ಲ? ಪಾಲ್ ನ್ಯೂಮನ್ ವಾಚ್ ಎಷ್ಟಕ್ಕ ಹೋತು ನೋಡ್ರಿ." ಸರಿ, ನೋಡೋಣ. 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಆ ರೋಲೆಕ್ಸ್ ಡೇಟೋನಾ ಒಂದು ಕೋಟಿ ಎಪ್ಪತ್ತೇಳು ಲಕ್ಷ ಡಾಲರ್‌ಗೆ ಹೋಯಿತು. ನಿಜ. ಆದರೆ ಅದು ಯಾರ ಕೈಯಲ್ಲಿತ್ತು? ನ್ಯೂಮನ್ ದೊಡ್ಡ ಸಿನಿಮಾ ನಟ, ಕಾರ್ ರೇಸ್ ಹುಚ್ಚು. ಹೆಂಡತಿ ಆ ವಾಚು ಕೊಡುವಾಗ ಹಿಂಭಾಗದಲ್ಲಿ "ಜೋಪಾನವಾಗಿ ಓಡಿಸು" ಅನ್ನೋ ಅರ್ಥದ ಮಾತು ಕೆತ್ತಿಸಿದ್ದಳು. ಅವನು ಅದನ್ನು ವರ್ಷಗಟ್ಟಲೆ ಕಟ್ಟಿದ. ಆಮೇಲೆ ಮಗಳ ಗೆಳೆಯನಿಗೆ ಸುಮ್ಮನೆ ಕೊಟ್ಟುಬಿಟ್ಟ. ರಿಸೇಲ್ ಎಷ್ಟು ಅಂತ ಆ ಮನೆಯಲ್ಲಿ ಯಾರೂ ಕೇಳಿರಲಿಕ್ಕಿಲ್ಲ.

ಕೆಲವು ಸ್ಟೀಲ್ ರೋಲೆಕ್ಸ್‌ಗಳ ಸೆಕೆಂಡ್‌ಹ್ಯಾಂಡ್ ಬೆಲೆ ಏರಿದ್ದು ಸುಳ್ಳಲ್ಲ. 2022ರ ಮೊದಲ ಭಾಗದವರೆಗೆ ಹುಚ್ಚಾಪಟ್ಟೆ ಏರಿತು. ಆಮೇಲೆ ಇಳಿದದ್ದನ್ನು ಮಾತ್ರ ಯಾರೂ ವಿಡಿಯೋದಲ್ಲಿ ಕೂಗಿ ಹೇಳಲ್ಲ. ಅಂಥ ಮಾಡೆಲ್ ಹೊಸದಾಗಿ ಬೇಕು ಅಂದರೆ ಡೀಲರ್ ಹತ್ತಿರ ಹೆಸರು ಬರೆಸಿ ಕಾಯಬೇಕು. ನಮ್ಮ ಹುಡುಗ ನೋಡಿದ್ದು ಅದೂ ಅಲ್ಲವಲ್ಲ. ಅಂಗಡಿಯಿಂದ ಹೊರಗೆ ಕಾಲಿಟ್ಟ ತಕ್ಷಣ ಬೆಲೆ ಬೀಳುವ ವಾಚದು. ಬಹುತೇಕ ವಾಚುಗಳ ಕತೆ ಹಾಗೇ. ಇನ್ನೊಂದು ಲೆಕ್ಕ ಹೇಳುತ್ತೇನೆ, ಕಾಮರ್ಸ್ ಪಾಠ ಮಾಡುವವಳು ನಾನು. ಸ್ವಿಟ್ಜರ್ಲೆಂಡ್ ಸೇರಿ ನಾಲ್ಕು ದೇಶಗಳ ಜೊತೆ ನಮ್ಮ ಸರ್ಕಾರ 2024ರ ಮಾರ್ಚ್‌ನಲ್ಲಿ ವ್ಯಾಪಾರ ಒಪ್ಪಂದ ಮಾಡಿಕೊಂಡಿತು. 2025ರ ಅಕ್ಟೋಬರ್ 1ರಿಂದ ಅದು ಜಾರಿಗೆ ಬಂದಿದೆ. ಸ್ವಿಸ್ ವಾಚಿನ ಆಮದು ಸುಂಕ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಗಬೇಕು. ಸುಂಕ ಇಳಿಯುವ ವಸ್ತುವನ್ನು ಬೆಲೆ ಏರುತ್ತದೆ ಅನ್ನೋ ಆಸೆಯಿಂದ ಸಾಲ ಮಾಡಿ ಕೊಳ್ಳೋದು ಯಾವ ಲೆಕ್ಕ? ಕೂಡಿಡಬೇಕು ಅಂದರೆ ಬ್ಯಾಂಕಿದೆ, ಚಿನ್ನ ಇದೆ. ವಾಚು ಇರೋದು ಕಟ್ಟೋಕೆ.

ಇಷ್ಟು ಖರ್ಚೇ ಯಾಕೆ, ಸೆಲ್ ವಾಚೇ ಸರಿಯಾದ ಟೈಮ್ ತೋರಿಸುತ್ತದೆ ಅಲ್ವಾ ಅಂತ ನಮ್ಮ ಯಜಮಾನರು ರಾತ್ರಿ ಊಟಕ್ಕೆ ಕೂತಾಗ ಕೇಳಿದರು. ಹೌದು. ಸೆಲ್ ವಾಚಿನ ಒಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. 1969ರಲ್ಲಿ ಸೀಕೋದವರು ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರಿದಾಗಿನಿಂದ ಕರಾರುವಾಕ್ಕು ವಿಷಯದಲ್ಲಿ ಚಕ್ರದ ವಾಚು ಸೋತಿದೆ. ಸ್ವಿಟ್ಜರ್ಲೆಂಡಿನಲ್ಲಿ ಪರೀಕ್ಷೆ ಮಾಡಿ ಕ್ರೋನೋಮೀಟರ್ ಅಂತ ಸರ್ಟಿಫಿಕೇಟ್ ಕೊಡುವ ಮಶೀನಿಗೂ ದಿನಕ್ಕೆ ನಾಲ್ಕು ಸೆಕೆಂಡ್ ಹಿಂದೆ, ಆರು ಸೆಕೆಂಡ್ ಮುಂದೆ ಹೋಗುವ ಸಲಿಗೆ ಇದೆ. ಬರೀ ಟೈಮ್ ಬೇಕಾದವರು ಒಳ್ಳೆಯ ಟೈಟಾನ್ ಕಟ್ಟಲಿ. ಅದರಲ್ಲಿ ಯಾವ ಕೀಳೂ ಇಲ್ಲ. ಆದರೆ ಆಸೆಪಟ್ಟು ಕೊಳ್ಳುವವರಿಗೆ ಆಸೆಯೇ ತಪ್ಪು ಅಂತ ನಾನು ಹೇಳಲ್ಲ. ಸ್ಪ್ರಿಂಗ್ ಬಲದಿಂದ ಓಡುವ ಒಂದು ಸಣ್ಣ ಯಂತ್ರ ಮೈಗೆ ತಾಗಿ ಮಿಡಿಯುತ್ತಿರುತ್ತದೆ. ಅದರ ಸುಖವೇ ಬೇರೆ.

ಹಾಗಾದರೆ ಏನು ಕೊಳ್ಳಬೇಕು ಅಂತ ಹುಡುಗನೇ ಕೇಳಿದ. ನಾನು ಹೇಳಿದ್ದು ಇಷ್ಟು. ಮೂರು ಮುಳ್ಳು, ಬೇಕಾದರೆ ತಾರೀಖು. ಸಫೈರ್ ಗ್ಲಾಸ್ ಇರಲಿ, ಸುಲಭಕ್ಕೆ ಗೀರು ಬೀಳಲ್ಲ. ನೀರಿನ ಲೆಕ್ಕ ನೋಡು. 30 ಮೀಟರ್ ಅಂತ ಬರೆದಿದ್ದರೆ ಕೈ ತೊಳೆಯೋಕೆ ಅಷ್ಟೇ ಅಂತ ತಿಳಿ, ಈಜಬೇಕು ಅಂದರೆ 100 ಬೇಕು. ನಮ್ಮ ಸ್ಟಾಫ್ ರೂಮಿನವರೊಬ್ಬರು ಆ ಮೂವತ್ತನ್ನು ನಂಬಿ ಗೋಕರ್ಣದಲ್ಲಿ ಸಮುದ್ರಕ್ಕೆ ಇಳಿದಿದ್ದರು. ಮೇಲೆ ಬರುವಷ್ಟರಲ್ಲಿ ಗ್ಲಾಸಿನ ಒಳಗೆ ಮಂಜು ಕಟ್ಟಿತ್ತು. ಬೆಲ್ಟ್ ಬದಲಿಸೋಕೆ ಬರುವಂಥದ್ದು ತೊಗೊ, ಏಪ್ರಿಲ್ ಬೆವರಿಗೆ ಚರ್ಮದ್ದು ಬೇಗ ಹಾಳಾಗುತ್ತದೆ. ವಾರಂಟಿ ಕಾರ್ಡಿನ ಮೇಲೆ ಡೀಲರ್ ಹೆಸರು, ತಾರೀಖು, ವಾಚಿನ ನಂಬರ್ ಮೂರೂ ಇರಬೇಕು. ಲಕ್ಷದೊಳಗೇ ಟಿಸ್ಸಾಟ್‌ನವರ ಆಟೋಮ್ಯಾಟಿಕ್ ಸಿಗುತ್ತದೆ. ಅದರ ಪವರ್‌ಮ್ಯಾಟಿಕ್ 80 ಮಶೀನು ಪೂರ್ತಿ ಚಾವಿ ಇದ್ದರೆ ಎಂಬತ್ತು ಗಂಟೆ ಓಡುತ್ತದೆ. ಶುಕ್ರವಾರ ರಾತ್ರಿ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆಯೂ ನಡೆಯುತ್ತಿರುತ್ತದೆ. ಸೀಕೋದಲ್ಲೂ ಒಳ್ಳೆಯವು ಇವೆ. ಅದಕ್ಕಿಂತ ಮೇಲೆ ಹೋಗೋದಾದರೆ ಲಾಂಜಿನ್ಸ್ ನೋಡಲಿ. ನಾನೀಗ ಕಟ್ಟುವುದು ಅದೇ, 34 ಮಿಲಿಮೀಟರ್. ಒಂದು ವರ್ಷ ಯೋಚನೆ ಮಾಡಿ, ಸರ್ವಿಸ್ ಖರ್ಚು ಎಷ್ಟು ಅಂತ ಮೊದಲು ಬರೆಸಿಕೊಂಡು, ಆಮೇಲೆ ತೊಗೊಂಡೆ.

ಹೋದ ವರ್ಷ ಅದು ಇದ್ದಕ್ಕಿದ್ದ ಹಾಗೆ ದಿನಕ್ಕೆ ಐದಾರು ನಿಮಿಷ ಮುಂದೆ ಓಡತೊಡಗಿತು. ಎದೆ ಧಸಕ್ಕೆಂದಿತು. ಧಾರವಾಡದ ಲೈನ್ ಬಜಾರ್ ಕಡೆ ಅಪ್ಪನ ಹತ್ತಿರ ಕೆಲಸ ಕಲಿತವರೊಬ್ಬರು ಇನ್ನೂ ಕೂರುತ್ತಾರೆ. ಅವರ ಹತ್ತಿರ ಒಯ್ದೆ. ಅವರು ವಾಚಿನ ಪಕ್ಕ ಒಂದು ಕಂಪಾಸ್ ಇಟ್ಟರು. ಮುಳ್ಳು ಸರ್ರನೆ ತಿರುಗಿತು. "ಅಕ್ಕಾರ, ರಾತ್ರಿ ಇದನ್ನ ಎಲ್ಲಿ ಇಡ್ತೀರಿ?" ಅಂದರು. ಪರ್ಸಿನಲ್ಲಿ. ಪರ್ಸಿನ ಬಾಯಿಗೆ ಮ್ಯಾಗ್ನೆಟ್ ಇದೆ, ಅದರ ಸೆಳೆತ ವಾಚಿನ ಒಳಗಿನ ಸ್ಪ್ರಿಂಗಿಗೂ ಹತ್ತಿತ್ತು. ಆ ಸೆಳೆತ ತೆಗೆಯುವ, ಸಣ್ಣದೊಂದು ಪೆಟ್ಟಿಗೆಯಂಥ ಉಪಕರಣದ ಮೇಲೆ ಒಂದೆರಡು ಸಲ ಆಡಿಸಿ ಕೊಟ್ಟರು. ದುಡ್ಡು ತೊಗೊಳ್ಳಲಿಲ್ಲ. ಇಂಥವರೊಬ್ಬರು ಊರಿನಲ್ಲಿ ಇದ್ದಾರೆ ಅನ್ನೋದೇ ನನ್ನ ವಾಚಿನ ನಿಜವಾದ ವಾರಂಟಿ.

ಅಪ್ಪನ ಎಚ್‌ಎಂಟಿ ಜನತಾ ಈಗಲೂ ಓಡುತ್ತಿದೆ ಅಂದರೆ ಕಾರಣ ಅದೇ. ಹದಿನೇಳು ಕಲ್ಲು, ಕೈಯಿಂದ ಚಾವಿ, ಸೆಕೆಂಡಿಗೆ ಐದು ಸಲ ಟಿಕ್. 1961ರಲ್ಲಿ ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ಶುರುಮಾಡಿದರು. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚುವ ತೀರ್ಮಾನ ಆಯಿತು. ಕಂಪನಿ ಹೋದರೂ ಬಿಚ್ಚುವವರು ಇದ್ದಾರೆ. ಬಿಡಿಭಾಗ ಇಲ್ಲಿಯೇ ಸಿಗುತ್ತವೆ. ಗ್ಲಾಸು ಪ್ಲಾಸ್ಟಿಕ್ಕಿನದು, ಗೀರು ಬಿದ್ದರೆ ಅಪ್ಪ ಟೂತ್‌ಪೇಸ್ಟ್ ಹಚ್ಚಿ ಬಟ್ಟೆಯಿಂದ ಉಜ್ಜುತ್ತಿದ್ದರು.

ಹುಡುಗ ನಿನ್ನೆ ವಾಚ್ ತೊಗೊಳ್ಳಲಿಲ್ಲ. ಮುಖ ಊದಿಸಿಕೊಂಡೇ ಮಲಗಿದ. ಇವತ್ತು ಬೆಳಿಗ್ಗೆ ಚಹಾ ಕುಡಿಯುವಾಗ ತಾನೇ ಒಂದು ದಾರ ಹುಡುಕಿ ತಂದು ಮಣಿಕಟ್ಟಿಗೆ ಸುತ್ತಿ, ಸ್ಕೇಲಿನ ಮೇಲೆ ಇಟ್ಟು ನೋಡಿದ. "ಹದಿನಾರು ಐತ್ರಿ ಅತ್ತೀ" ಅಂದ. ಆಮೇಲೆ ಕೇಳಿದ, "ಆ ಲೈನ್ ಬಜಾರ್‌ನೋರು ಭಾನುವಾರ ಇರ್ತಾರೇನ್ರಿ? ಒಂದ್ ವಾಚ್ ಬಿಚ್ಚಿ ತೋರಸ್ತಾರೇನು?"

ಫೋನ್ ಮಾಡಿ ಕೇಳಿದ್ದೇನೆ. ಹನ್ನೊಂದು ಗಂಟೆಗೆ ಬರೋಕೆ ಹೇಳಿದ್ದಾರೆ. ಅಪ್ಪನ ಜನತಾ ಒಂದು ತಿಂಗಳಿಂದ ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತಿದೆ. ಅದನ್ನೇ ಒಯ್ಯುತ್ತಿದ್ದೇವೆ.