ಸ್ಪಷ್ಟನೆ: ಕೈಗಾದಲ್ಲಿ ಡಾರ್ಕ್ ಮ್ಯಾಟರ್ ಪ್ರಯೋಗ ನಡೆಯುತ್ತಿಲ್ಲ

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಎಲೆಕ್ಟ್ರಾನ್ ಕಿರಣಪುಂಜದಿಂದ ಡಾರ್ಕ್ ಮ್ಯಾಟರ್ (ಗುರುತ್ವದ ಪರಿಣಾಮದಿಂದಷ್ಟೇ ಇರವು ತಿಳಿದಿರುವ, ಕಾಣದ ದ್ರವ್ಯ) ಸೃಷ್ಟಿಸಲಾಗಿದೆ, ಅದೇ ಪ್ರಯೋಗ ಈಗ ಕೈಗಾದಲ್ಲೂ ನಡೆಯುತ್ತಿದೆ ಎಂಬ ಸಂದೇಶ ಕಾರವಾರ, ಶಿರಸಿ ಭಾಗದ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡೂ ಮಾತು ತಪ್ಪು.

ಕೈಗಾದಲ್ಲಿರುವುದು ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳ ಅಣುವಿದ್ಯುತ್ ಸ್ಥಾವರ. ಅಲ್ಲಿ ನಡೆಯುವುದು ಯುರೇನಿಯಂ ವಿದಳನ, ಕಣಗಳ ವೇಗವರ್ಧನೆಯಲ್ಲ. ಸ್ಥಾವರದ ಬಗ್ಗೆ ಜಿಲ್ಲೆಯ ಜನ ಕೇಳುವ ನ್ಯಾಯವಾದ ಪ್ರಶ್ನೆಗಳು ಇಂತಹ ಗಾಳಿಸುದ್ದಿಯಿಂದ ತೂಕ ಕಳೆದುಕೊಳ್ಳುತ್ತವೆ ಎಂಬುದು ನಮ್ಮ ಕಳವಳ.

ಸರ್ನ್‌ನ ಎನ್‌ಎ64 ಪ್ರಯೋಗದಲ್ಲಿ 100 ಜಿಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನ್‌ಗಳನ್ನು ಸೀಸ ಮತ್ತು ಸಿಂಟಿಲೇಟರ್ (ಕಣ ಹಾದಾಗ ಮಿನುಗುವ ವಸ್ತು) ಪದರಗಳ ಗುರಿಗೆ ಹಾಯಿಸಿ, ಒಳಹೋದ ಶಕ್ತಿಯೆಷ್ಟು, ಅಲ್ಲಿ ದಾಖಲಾದದ್ದೆಷ್ಟು ಎಂದು ಒಂದೊಂದು ಎಲೆಕ್ಟ್ರಾನಿಗೂ ಲೆಕ್ಕವಿಡುತ್ತಾರೆ. ಸುಮಾರು ಅರ್ಧಕ್ಕೂ ಹೆಚ್ಚು ಶಕ್ತಿ ಕಾಣೆಯಾಗಿ, ಹಿಂದಿರುವ ಶೋಧಕಗಳಲ್ಲೂ ಅದರ ಸುಳಿವು ಸಿಗದಿದ್ದರೆ ಮಾತ್ರ, ಯಾವುದೋ ಅಗೋಚರ ಕಣ ಅದನ್ನು ಹೊತ್ತೊಯ್ದಿರಬಹುದೆಂದು ಶಂಕಿಸಲು ಅವಕಾಶವಿದೆ. 2016ರಿಂದ 2022ರವರೆಗೆ ಹಾಯಿಸಿದ ಸುಮಾರು 94 ಸಾವಿರ ಕೋಟಿ ಎಲೆಕ್ಟ್ರಾನ್‌ಗಳ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅಂತಹ ಘಟನೆ ಒಂದೂ ಕಂಡುಬಂದಿರಲಿಲ್ಲ. ಇದನ್ನು ಸೋಲೆಂದು ಓದುವುದೂ ಸರಿಯಲ್ಲ: ಡಾರ್ಕ್ ಮ್ಯಾಟರ್ ಹಗುರ ಕಣಗಳಿಂದಾಗಿದ್ದರೆ ಆ ಕಣಗಳು ಹೇಗಿರಲು ಸಾಧ್ಯವಿಲ್ಲ ಎಂಬುದನ್ನು ಈ ಫಲಿತಾಂಶ ಇನ್ನಷ್ಟು ಖಚಿತವಾಗಿ ಗುರುತಿಸಿದೆ.