18 ಕೆ.ಜಿ. ಹಣ್ಣು

ಮೊನ್ನೆ ಶನಿವಾರ ಸಂಜೆ ತೋಟದಲ್ಲಿ ಹಣ್ಣು ತೂಗುತ್ತಿದ್ದೆ. ರೊಬಸ್ಟಾ ಕಾಫಿ ಕೊಯ್ಲು ನಡೆಯುತ್ತಿದೆ. ಮೂಡಿಗೆರೆ ಹತ್ತಿರ ನಮ್ಮದು ಎರಡೂವರೆ ಎಕರೆ. ಆರು ಜನ ಹೆಣ್ಣಾಳು ಬರುತ್ತಾರೆ, ಕೆ.ಜಿ.ಗೆ 6 ರೂಪಾಯಿ ಲೆಕ್ಕ. ಒಬ್ಬೊಬ್ಬರ ಚೀಲಗಳನ್ನು ತೂಗುವುದು, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. 92, 85, 78, 76, 61. ಕೊನೆಗೆ ಒಬ್ಬ ಅಜ್ಜಿಯ ಚೀಲ ಉಳಿಯಿತು. ಎತ್ತುವಾಗಲೇ ಕೈಗೆ ಗೊತ್ತಾಯಿತು. 18.

ಅಜ್ಜಿ ಬೆಳಿಗ್ಗೆ ಬಂದಿರಲಿಲ್ಲ. ಬಿ.ಪಿ. ಮಾತ್ರೆಗೆಂದು ಆಸ್ಪತ್ರೆಗೆ ಹೋಗಿ, ಸಾಲಿನಲ್ಲಿ ನಿಂತು, ಬಸ್ ಹಿಡಿದು ಬರುವಾಗ ಎರಡು ಗಂಟೆ ಆಗಿತ್ತು. ಇನ್ನೇನು ಅರ್ಧ ದಿನ ಹೋಯಿತಲ್ಲ, ಮನೆಗೇ ಹೋಗಿ ಮಲಗಬಹುದಿತ್ತು. ಹೋಗಲಿಲ್ಲ. ಸೀರೆ ಮೇಲೆ ಹಳೇ ಶರ್ಟು ಹಾಕಿಕೊಂಡು, ಸೊಂಟಕ್ಕೆ ಚೀಲ ಕಟ್ಟಿಕೊಂಡು ಗಿಡದ ಸಾಲಿಗೆ ಇಳಿದರು.

18 ಕೆ.ಜಿ.ಗೆ 108 ರೂಪಾಯಿ. ಬರೆದೆ. ಮುಂದಿನ ಲೆಕ್ಕಕ್ಕೆ ಕೈ ಹೋಗಲಿಲ್ಲ.

ಬೈಬಲಿನಲ್ಲಿ ಸಂತ ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯ ನೆನಪಿಗೆ ಬಂತು. ಯೇಸು ಹೇಳಿದ ಕಥೆ ಅದು. ದ್ರಾಕ್ಷಿ ತೋಟದ ಯಜಮಾನನೊಬ್ಬ ಬೆಳಗಾಗುತ್ತಲೇ ಪೇಟೆಗೆ ಹೋಗಿ ಆಳುಗಳನ್ನು ಕರೆತರುತ್ತಾನೆ. ದಿನಕ್ಕೆ ಒಂದು ಬೆಳ್ಳಿ ನಾಣ್ಯ ಅಂತ ಮಾತಾಗುತ್ತದೆ. ಒಂಬತ್ತು ಗಂಟೆಗೆ ಮತ್ತೆ ಹೋಗುತ್ತಾನೆ, ಮಧ್ಯಾಹ್ನ ಹೋಗುತ್ತಾನೆ, ಮೂರಕ್ಕೆ ಹೋಗುತ್ತಾನೆ. ಸಂಜೆ ಐದಕ್ಕೂ ಅಲ್ಲಿ ಜನ ನಿಂತೇ ಇರುತ್ತಾರೆ. ಯಾಕೆ ನಿಂತಿದ್ದೀರಿ ಅಂದರೆ, ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಅನ್ನುತ್ತಾರೆ. ಅವರನ್ನೂ ಕರೆದುಕೊಂಡು ಬರುತ್ತಾನೆ. ಬಟವಾಡೆ ಹೊತ್ತಿಗೆ ಎಲ್ಲರಿಗೂ ಒಂದೇ ನಾಣ್ಯ. ಬೆಳಿಗ್ಗೆಯಿಂದ ಬಿಸಿಲಲ್ಲಿ ಬೆಂದವರು ಗೊಣಗುತ್ತಾರೆ. ನನ್ನದನ್ನು ನಾನು ಇಷ್ಟ ಬಂದ ಹಾಗೆ ಕೊಡಬಾರದೇ ಅಂತ ಯಜಮಾನ ಕೇಳುತ್ತಾನೆ.

ನಮ್ಮ ಕಥೋಲಿಕ ಚರ್ಚುಗಳಲ್ಲಿ ಈ ಸಾಮತಿ, ಅಂದರೆ ಈ ದೃಷ್ಟಾಂತ ಕಥೆ, ಮೂರು ವರ್ಷಕ್ಕೊಮ್ಮೆ ಸೆಪ್ಟೆಂಬರ್ ತಿಂಗಳ ಒಂದು ಭಾನುವಾರ ಬರುತ್ತದೆ. ಆಗ ನಮ್ಮ ತೋಟಗಳಲ್ಲಿ ಕಾಯಿ ಇನ್ನೂ ಹಸಿರು. ಕೇಳಿ, ತಲೆಯಾಡಿಸಿ, ಹೊರಗೆ ಬಂದು ಮಳೆ ಬಗ್ಗೆ ಮಾತಾಡುತ್ತೇವೆ. ಹಣ್ಣಾಗುವಷ್ಟರಲ್ಲಿ ಮರೆತಿರುತ್ತೇವೆ. ನಾನಂತೂ ಚಿಕ್ಕಂದಿನಿಂದ ಇದನ್ನು ಸ್ವರ್ಗದ ಕಥೆ ಅಂತಲೇ ತಿಳಿದಿದ್ದೆ. ಕೊನೆಗಾಲದಲ್ಲಿ ದೇವರ ಕಡೆ ತಿರುಗಿದವನಿಗೂ ಅಲ್ಲಿ ಜಾಗ ಇದೆ ಅಂತ. ಅದು ಸುಳ್ಳಲ್ಲ. ಆದರೆ ಯೇಸು ಕೂಲಿಯ ಮಾತು ಆಡಿದಾಗ ಎದುರಿಗಿದ್ದವರಲ್ಲಿ ಕೂಲಿಯವರೂ ಇದ್ದರು, ಅಲ್ವಾ? ಅವರ ಕಿವಿಗೆ ಅದು ಮೊದಲು ಕೂಲಿಯ ಮಾತಾಗಿಯೇ ಬಿದ್ದಿರುತ್ತದೆ.

ಆ ಬೆಳ್ಳಿ ನಾಣ್ಯ ಆ ಕಾಲದಲ್ಲಿ ಒಬ್ಬ ಆಳಿನ ಒಂದು ದಿನದ ಸಂಬಳ. ಅಂದರೆ ಒಂದು ಮನೆಯ ಒಂದು ದಿನದ ಊಟ. ಬಡವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕು, ಅವನು ಅದನ್ನೇ ನಂಬಿಕೊಂಡಿದ್ದಾನೆ ಅಂತ ಮೋಶೆಯ ಧರ್ಮಶಾಸ್ತ್ರದಲ್ಲೇ ಇದೆ. ಐದು ಗಂಟೆಗೆ ಬಂದವನಿಗೆ ನಾಣ್ಯದ ಹನ್ನೆರಡನೇ ಒಂದು ಪಾಲು ಕೊಟ್ಟಿದ್ದರೆ ಲೆಕ್ಕ ಸರಿಯಾಗುತ್ತಿತ್ತು. ಅವನ ಮಕ್ಕಳು ಹಸಿದು ಮಲಗುತ್ತಿದ್ದರು. ಯಜಮಾನ ಕೆಲಸದ ಗಂಟೆ ನೋಡಲಿಲ್ಲ, ಅವನ ಮನೆಯ ಒಲೆ ನೋಡಿದ.

ಇದನ್ನು ನಾನು ಯಾರಿಗೂ ಉಪದೇಶ ಅಂತ ಹೇಳುತ್ತಿಲ್ಲ. ನಾನು ಹುಟ್ಟಿದ್ದೇ ಲೈನ್ ಮನೆಯಲ್ಲಿ, ಎಸ್ಟೇಟಿನ ಆಳುಗಳಿಗೆಂದು ಸಾಲಾಗಿ ಕಟ್ಟಿದ ಮನೆಗಳಲ್ಲಿ ಒಂದರಲ್ಲಿ. ಅಮ್ಮ ಒಂದು ದೊಡ್ಡ ಎಸ್ಟೇಟಿನಲ್ಲಿ ಹಣ್ಣು ಕುಯ್ಯುತ್ತಿದ್ದರು. ಒಂದು ದಿನ ಜ್ವರದಲ್ಲೇ ಹೋಗಿದ್ದರು. ಸಂಜೆ ಚೀಲ ತುಂಬಿರಲಿಲ್ಲ. ಲೆಕ್ಕ ಬರೆಯುವ ರೈಟರು ಚೆಕ್‌ರೋಲಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಅರ್ಧ ಹಾಜರಿ ಹಾಕಿದರು. ಅಮ್ಮ ಏನೂ ಮಾತಾಡಲಿಲ್ಲ. ಆ ರಾತ್ರಿ ನಮಗೆ ಗಂಜಿ ಬಡಿಸಿ, ತಾನು ಹೊಟ್ಟೆ ಸರಿಯಿಲ್ಲ ಅಂದರು. ನನಗಾಗ ಒಂಬತ್ತು ವರ್ಷ. ಹೊಟ್ಟೆ ಸರಿಯಿಲ್ಲ ಅನ್ನೋದನ್ನು ನಂಬಿದ್ದೆ.

ಈಗ ನೋಟ್‌ಬುಕ್ಕು ನನ್ನ ಕೈಯಲ್ಲಿದೆ.

ನಮ್ಮ ಕಡೆಯ ಚರ್ಚಿನ ಪ್ರಸಂಗಗಳಲ್ಲಿ ಕಾಫಿ ಗಿಡ ಬೇಕಾದಷ್ಟು ಸಲ ಬರುತ್ತದೆ. ಕೊಂಬೆ ಸವರಿದ ಗಿಡವೇ ಚೆನ್ನಾಗಿ ಫಲ ಕೊಡುತ್ತದೆ, ಹಾಗೆಯೇ ದೇವರು ಕಷ್ಟ ಕೊಟ್ಟು ನಮ್ಮನ್ನು ತಿದ್ದುತ್ತಾನೆ ಅಂತ. ಯೋವಾನ್ನನ ಶುಭಸಂದೇಶದ 15ನೇ ಅಧ್ಯಾಯದ ದ್ರಾಕ್ಷಿಬಳ್ಳಿಗೆ ಅದು ಹೊಂದುತ್ತದೆ, ಎಲ್ಲರಿಗೂ ಇಷ್ಟವಾಗುತ್ತದೆ. ನನಗೂ ಇಷ್ಟ. ಆದರೆ ಗಿಡದ ಪಾಠ ಕೇಳಿದಷ್ಟು ಸುಲಭವಾಗಿ ಗಿಡದ ಪಕ್ಕ ನಿಂತವರ ಪಾಠ ನಾವು ಕೇಳಿಸಿಕೊಳ್ಳುವುದಿಲ್ಲ. ಹಾಸನ ಹತ್ತಿರದ ಶೆಟ್ಟಿಹಳ್ಳಿ ಚರ್ಚಿನ ಫೋಟೋ ನೋಡಿ. ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗುತ್ತದೆ, ಬೇಸಿಗೆಗೆ ಏಳುತ್ತದೆ. ಅದರ ಕೆಳಗೆ ಒಂದು ವಾಕ್ಯ ಹಾಕಿ, ನೀರು ಬಂದರೂ ವಿಶ್ವಾಸ ಅಲುಗಲಿಲ್ಲ ಅಂತ ಎಷ್ಟು ಜನ ಹಂಚಿಕೊಳ್ಳುತ್ತಾರೆ. ಅಲ್ಲಿ ಮನೆ, ಹೊಲ ಬಿಟ್ಟು ಎದ್ದು ಹೋದ ಜನ ಇದ್ದರು. ಆ ಗೋಡೆಗಳಿಗಿಂತ ಜಾಸ್ತಿ ಅವರ ಬಗ್ಗೆ ನನಗೆ ತಿಳಿಯಬೇಕು ಅನ್ನಿಸುತ್ತದೆ.

ಬೆಳಿಗ್ಗೆ ಏಳು ಗಂಟೆಗೆ ನಮ್ಮ ಪೇಟೆಯಲ್ಲಿ ನಿಂತು ನೋಡಿ. ಪಿಕಪ್ ಗಾಡಿಗಳು ಬರುತ್ತವೆ. ಗಟ್ಟಿಮುಟ್ಟಾದವರು ಮೊದಲು ಹತ್ತುತ್ತಾರೆ. ವಯಸ್ಸಾದವರು, ಸ್ವಲ್ಪ ಕುಂಟುವವರು ಟಿಫಿನ್ ಬಾಕ್ಸ್ ಹಿಡಿದುಕೊಂಡು ಮುಂದಿನ ಗಾಡಿಗೆ ಕಾಯುತ್ತಾರೆ. ಯಾರೂ ಕರೆಯಲಿಲ್ಲ ಅನ್ನೋ ಮಾತಿಗೆ ಎರಡು ಸಾವಿರ ವರ್ಷ ಆಯಿತು ಅಂತ ಅಲ್ಲಿ ಅನ್ನಿಸುವುದೇ ಇಲ್ಲ.

ಅಜ್ಜಿಗೆ 450 ರೂಪಾಯಿ ಕೊಟ್ಟೆ. ತೋಟದ ಬೇರೆ ಕೆಲಸಕ್ಕೆ ನಾನು ಕೊಡುವ ದಿನದ ಸಂಬಳ ಅದು. ಅಜ್ಜಿ ಎರಡು ಸಲ ಎಣಿಸಿ, ತಪ್ಪಾಗಿ ಜಾಸ್ತಿ ಬಂದಿದೆ ಅಂತ ವಾಪಸ್ ಚಾಚಿದರು.

ಆಮೇಲೆ ಶುರುವಾಯಿತು. 61 ಕೆ.ಜಿ. ಕುಯ್ದ ಹೆಂಗಸಿಗೆ ಬಂದಿದ್ದು 366. "ನಾನು ಬೆಳಿಗ್ಗೆ ಎಂಟಕ್ಕೇ ಬಂದಿದ್ದೀನಲ್ಲಣ್ಣ, ನನಗ್ಯಾಕೆ ಕಮ್ಮಿ?" ಅಂದಳು. ಅವಳ ಮಾತಿನಲ್ಲಿ ಏನು ತಪ್ಪಿದೆ? ಸಾಮತಿಯ ಯಜಮಾನ ಯಾರಿಗೂ ಮಾತಾಡಿದ್ದಕ್ಕಿಂತ ಕಮ್ಮಿ ಕೊಡಲಿಲ್ಲ, ಯಾರೂ ಕೊನೆಗೆ ಬಂದವನಿಗಿಂತ ಕಮ್ಮಿ ಪಡೆಯಲಿಲ್ಲ. ನಾನು ಅರ್ಧ ಸಾಮತಿ ಮಾತ್ರ ಮಾಡಿದ್ದೆ. ಅವಳಿಗೂ 450 ಮಾಡಿದೆ. 76ರವಳಿಗೆ 456 ಬಂದಿತ್ತು, ಅವಳು ಸುಮ್ಮನಿದ್ದಳು. 92 ಕುಯ್ದವಳು 552 ಎಣಿಸಿಕೊಂಡು, "ಬೆನ್ನು ಮುರ್ಕೊಂಡಿದ್ದಕ್ಕೆ ನೂರೇ ಜಾಸ್ತಿ" ಅಂದಳು. ಅವಳ ಮಗಳು ಚಿಕ್ಕಮಗಳೂರಿನಲ್ಲಿ ಓದುತ್ತಿದ್ದಾಳೆ, ಹಾಸ್ಟೆಲ್ ಫೀಸು ಕಟ್ಟಬೇಕು.

ಅವಳಿಗೆ ಆ ಯಜಮಾನನ ಉತ್ತರ ಕೊಡೋಕೆ ನನಗೆ ಬಾಯಿ ಬರಲಿಲ್ಲ. ನನ್ನದನ್ನು ನಾನು ಇಷ್ಟ ಬಂದ ಹಾಗೆ ಕೊಡುತ್ತೇನೆ ಅಂತ ದೇವರು ಹೇಳಬಹುದು. ನನ್ನದು ಅನ್ನೋದರಲ್ಲಿ ಅವಳ ಕೈಯಿಂದ ಬಂದಿದ್ದು ಎಷ್ಟೋ ಇದೆ. ಈ ಎರಡು ಮೂರು ವರ್ಷದಲ್ಲಿ ರೊಬಸ್ಟಾ ರೇಟು ನಮ್ಮಪ್ಪನ ಕಾಲದವರು ಕನಸಲ್ಲೂ ನೋಡದಷ್ಟು ಏರಿತು. ನಾನು ಕೆ.ಜಿ. ಲೆಕ್ಕವನ್ನು ಒಂದು ರೂಪಾಯಿ ಏರಿಸಿದ್ದೆ, ಅಷ್ಟೇ.

ಹಾಗಾಗಿ ಸೋಮವಾರದಿಂದ ಲೆಕ್ಕ ಬದಲಾಯಿಸಿದ್ದೇನೆ. ಕೆಲಸಕ್ಕೆ ಬಂದವರಿಗೆ ಯಾರಿಗೂ 450ಕ್ಕಿಂತ ಕಮ್ಮಿ ಇಲ್ಲ. 60 ಕೆ.ಜಿ. ದಾಟಿದ ಮೇಲೆ ಪ್ರತಿ ಕೆ.ಜಿ.ಗೆ 6 ರೂಪಾಯಿ ಬೇರೆ. ಪಕ್ಕದ ತೋಟದವರು ಫೋನ್ ಮಾಡಿ, ರೇಟು ಹಾಳು ಮಾಡ್ತಿದ್ದೀಯ, ನಾಳೆ ನಮ್ಮ ಆಳುಗಳೂ ಕೇಳ್ತಾರೆ ಅಂದರು. ಕೇಳಲಿ. ಅವರೂ ಪ್ರತಿ ಭಾನುವಾರ ಪೂಜೆಗೆ ಬರುವವರೇ. ಆ ಸೆಪ್ಟೆಂಬರ್ ಭಾನುವಾರ ಬರುವ ತನಕ ಕಾಯದೆ ಆ ಅಧ್ಯಾಯವನ್ನು ಒಂದು ಸಲ ತೆಗೆದು ಓದಿ ಅಂತ ಅವರಿಗೆ ಹೇಳಿದ್ದೇನೆ.

ಭಾನುವಾರ ಪೂಜೆ ಮುಗಿಸಿ ಅಮ್ಮನಿಗೆ ಫೋನ್ ಮಾಡಿದ್ದೆ. ತಂಗಿ ಮನೆಯಲ್ಲಿದ್ದಾರೆ, ಹಾಸನದಲ್ಲಿ. ತಕ್ಕಡಿ, 18 ಕೆ.ಜಿ., ಸಾಮತಿ, ಜಗಳ, ಎಲ್ಲ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ಒಂದೇ. "ಅಲ್ಲ ಮಗಾ, ಅವಳಿಗೆ ಬಿ.ಪಿ. ಎಷ್ಟಿತ್ತಂತೆ? ಮಾತ್ರೆ ಸಿಕ್ತಾ?"

ನಾನು ಕೇಳಿರಲಿಲ್ಲ.