ಬಿಸಿಲು ಜಾಸ್ತಿ ಅಂತ ದಪ್ಪ ಆಯಿಲ್ ಬೇಡ

ನಿಮ್ಮ ಲೇಖನದಲ್ಲಿ ಬಿಸಿಲೂರಿನ ಡೀಸೆಲ್ ಪಿಕಪ್‌ಗೆ 20ಡಬ್ಲ್ಯೂ-50 ಎಂಬ ದಪ್ಪ ಎಂಜಿನ್ ಆಯಿಲೇ ಒಳ್ಳೇದು ಅಂತ ಬರೆದಿದ್ದೀರಿ. ಕಲಬುರಗಿಯವನಾಗಿ ನಾನು ಒಪ್ಪೋದಿಲ್ಲ ಸರ್. ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುತ್ತದೆ, ನಿಜ. ಆದರೆ ಓಡುವ ಎಂಜಿನ್‌ನಲ್ಲಿ ಆಯಿಲ್ ಹೇಗೂ 100 ಡಿಗ್ರಿ ಆಸುಪಾಸು ಕಾದಿರುತ್ತದೆ. ಕೊನೆಯ ಅಂಕಿ, ಅಂದರೆ ಆ 40 ಅಥವಾ 50, ಹೇಳುವುದು ಆ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಅನ್ನೋದನ್ನೇ. ಕಂಪನಿ ಮ್ಯಾನ್ಯುಯಲ್‌ನಲ್ಲಿ 15ಡಬ್ಲ್ಯೂ-40 ಅಂತಿದ್ದರೆ ಅದನ್ನೇ ಹಾಕಿಸಿ. ಸುಮ್ನೆ ದಪ್ಪ ಮಾಡಿದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಮೇಲೆ ಏರೋದು ತಡ, ಡೀಸೆಲ್ಲೂ ಜಾಸ್ತಿ ಕುಡಿಯುತ್ತದೆ.

ನೀವು ಬಿಟ್ಟ ದೊಡ್ಡ ವಿಷಯ ಬಿಎಸ್6, ಅಂದರೆ ಗಾಡಿ ಹೊಗೆಗೆ ಮಿತಿ ಹಾಕುವ ಸರ್ಕಾರಿ ನಿಯಮ. ಈ ನಿಯಮದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯಲು ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಮಸಿ ಬಿಸಿಗೆ ಸುಟ್ಟುಹೋಗುತ್ತದೆ, ಆಯಿಲ್‌ನ ಬೂದಿ ಮಾತ್ರ ಅಲ್ಲೇ ಕಟ್ಟಿಕೊಳ್ಳುತ್ತದೆ. ಹಾಗಾಗಿ ಅಂಕಿಯ ಜೊತೆಗೆ ಸಿಕೆ-4 ಥರದ ಕಡಿಮೆ ಬೂದಿಯ ದರ್ಜೆಯನ್ನೂ ಡಬ್ಬಿ ಮೇಲೆ ನೋಡಬೇಕು.

ತೊಗರಿ ಸೀಸನ್‌ನಲ್ಲಿ ಗಂಜ್‌ನಲ್ಲಿ (ಧಾನ್ಯದ ಮಾರುಕಟ್ಟೆ) ಸಾಲಾಗಿ ನಿಂತ ಪಿಕಪ್‌ಗಳು ಎಂಜಿನ್ ಆಫ್ ಮಾಡೋದೇ ಇಲ್ಲ. ಹಾಗೆ ನಿಂತಲ್ಲೇ ಓಡಿದರೆ ಮಸಿ ಸರಿಯಾಗಿ ಸುಡದೆ, ಅದನ್ನು ಸುಡಲು ಎಂಜಿನ್ ಹಾಯಿಸುವ ಹೆಚ್ಚುವರಿ ಡೀಸೆಲ್ ಆಯಿಲ್‌ಗೆ ಇಳಿದು ಆಯಿಲ್ ತೆಳುವಾಗಬಹುದು. ಡಿಪ್‌ಸ್ಟಿಕ್ ಎಳೆದು ನೋಡಿ. ಮಟ್ಟ ಏರಿದ್ದು, ಡೀಸೆಲ್ ವಾಸನೆ ಬಂದರೆ ಕಿಲೋಮೀಟರ್ ಲೆಕ್ಕ ನೋಡದೆ ಆಯಿಲ್ ಬದಲಿಸಿ.